ನಾಚಿಕೆ ಮೊದಲೋ, ಕ್ಷಮೆ ಮೊದಲೋ?

ಕ್ರಿ.ಪೂ. 604ರ ಚಳಿಗಾಲ. ಯೆರೂಸಲೇಮಿನ ಅರಮನೆಯಲ್ಲಿ ರಾಜ ಯೆಹೋಯಾಕೀಮ ಬೆಂಕಿ ಕಾಯಿಸುತ್ತ ಕೂತಿದ್ದಾನೆ. ಎದುರಿಗೆ ಅಗ್ಗಿಷ್ಟಿಕೆ. ಆಸ್ಥಾನದ ಒಬ್ಬ ಅಧಿಕಾರಿ ಸುರುಳಿಯೊಂದನ್ನು ಬಿಚ್ಚಿ ಓದುತ್ತಿದ್ದಾನೆ. ಪ್ರವಾದಿ ಯೆರೆಮೀಯ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಸಾರಿಕೊಂಡು ಬಂದ ಎಚ್ಚರಿಕೆಗಳನ್ನು ಬಾರೂಕ ಎಂಬ ಬರಹಗಾರ ಶಾಯಿಯಲ್ಲಿ ಬರೆದಿಟ್ಟ ಸುರುಳಿ ಅದು. ಮೂರ್ನಾಲ್ಕು ಅಂಕಣ ಓದಿ ಮುಗಿಯುತ್ತಿದ್ದ ಹಾಗೆ ರಾಜ ಚಾಕುವಿನಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಎಸೆಯುತ್ತಾನೆ. ಮತ್ತೆ ಓದು, ಮತ್ತೆ ಚಾಕು, ಮತ್ತೆ ಬೆಂಕಿ. ಕೊನೆಗೆ ಇಡೀ ಸುರುಳಿ ಬೂದಿ.

ಬೈಬಲಿನ ಯೆರೆಮೀಯನ ಪುಸ್ತಕದ 36ನೇ ಅಧ್ಯಾಯದಲ್ಲಿ ಈ ಘಟನೆ ಬರುತ್ತದೆ. ಅಲ್ಲಿ ಬರೆದವರು ರಾಜನನ್ನು ಕ್ರೂರಿ ಎಂದೋ ಮೂರ್ಖ ಎಂದೋ ಕರೆಯುವುದಿಲ್ಲ. ಒಂದೇ ಒಂದು ಮಾತು ಸೇರಿಸುತ್ತಾರೆ: ರಾಜನಾಗಲಿ, ಇದನ್ನೆಲ್ಲ ಕೇಳಿಸಿಕೊಂಡ ಅವನ ಸೇವಕರಾಗಲಿ ಹೆದರಲಿಲ್ಲ, ಬಟ್ಟೆ ಹರಿದುಕೊಳ್ಳಲೂ ಇಲ್ಲ.

ಬಟ್ಟೆ ಯಾಕೆ ಹರಿದುಕೊಳ್ಳಬೇಕಿತ್ತು? ಆ ನಾಡಿನಲ್ಲಿ ದುಃಖ ಬಂದರೂ ತಪ್ಪು ಅರಿವಾದರೂ ಜನ ಮಾಡುತ್ತಿದ್ದದ್ದು ಅದನ್ನೇ. ಮೈಮೇಲಿನ ಬಟ್ಟೆ ಹರಿದು, ಗೋಣಿತಟ್ಟು ಸುತ್ತಿಕೊಂಡು, ತಲೆಗೆ ಬೂದಿ ಸುರಿದುಕೊಂಡು ಕೂರುವುದು. ಇದೇ ಯೆಹೋಯಾಕೀಮನ ಅಪ್ಪ ಯೋಷೀಯ ಹಾಗೆ ಮಾಡಿದ್ದ. ಕ್ರಿ.ಪೂ. 622ರಲ್ಲಿ ದೇವಾಲಯದ ರಿಪೇರಿ ನಡೆಯುತ್ತಿದ್ದಾಗ ಧರ್ಮಶಾಸ್ತ್ರದ ಒಂದು ಗ್ರಂಥ ಸಿಕ್ಕಿತು. ಲೇಖಕ ಶಾಫಾನ ಅದನ್ನು ರಾಜನ ಮುಂದೆ ಓದಿದ. ಕೇಳುತ್ತಲೇ ಯೋಷೀಯ ಬಟ್ಟೆ ಹರಿದುಕೊಂಡ, ಅತ್ತ. ಹದಿನೆಂಟು ವರ್ಷದ ನಂತರ ಮಗನ ಎದುರು ಇನ್ನೊಂದು ಸುರುಳಿ. ಈಗ "ಸುಡಬೇಡಿ" ಎಂದು ರಾಜನನ್ನು ಬೇಡಿಕೊಂಡ ಮೂವರಲ್ಲಿ ಒಬ್ಬ ಅದೇ ಶಾಫಾನನ ಮಗ. ಅಪ್ಪ ಹರಿದದ್ದು ಬಟ್ಟೆಯನ್ನು, ಮಗ ಹರಿದದ್ದು ಸುರುಳಿಯನ್ನು. ಕಥೆ ಹೇಳಿದವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಎಂದೇ ಬರೆದಿರಬೇಕು.

ಹೀಬ್ರೂ ಪ್ರವಾದಿಗಳು ಪಾಪದ ಬಗ್ಗೆ ಮಾತಾಡುತ್ತಾರೆ ಎಂದರೆ ನಮಗೆ ತಕ್ಷಣ ಹೊಳೆಯುವುದು ಬೆಂಕಿ ಉಗುಳುವ ಮುದುಕರ ಚಿತ್ರ. ತಪ್ಪು ಮಾಡಿದಿರಿ, ನಾಚಿಕೆ ಪಡಿ, ಅಳಿ, ಆಮೇಲೆ ದೇವರು ಕ್ಷಮಿಸುತ್ತಾನೆ. ಸಾಮಾನ್ಯವಾಗಿ ನಾವು ಅಂದುಕೊಳ್ಳುವ ಕ್ರಮ ಇದು. ಆದರೆ ಆ ಪುಸ್ತಕಗಳನ್ನು ಒಂದೊಂದಾಗಿ ಓದಿದರೆ ಈ ಕ್ರಮವೇ ಕಲಸಿಹೋಗುತ್ತದೆ. ನಾಚಿಕೆ ಯಾರ ಮುಂದೆ ಎಂಬುದರಲ್ಲೇ ಅವರಿಗೆ ಜಗಳವಿದೆ. ಅಳುವುದನ್ನು ಅವರು ಅಷ್ಟು ಸುಲಭವಾಗಿ ನಂಬುವುದಿಲ್ಲ. ಒಬ್ಬನಂತೂ ಕ್ಷಮೆ ಮೊದಲು, ನಾಚಿಕೆ ಆಮೇಲೆ ಎಂದು ಇಡೀ ಲೆಕ್ಕವನ್ನೇ ತಿರುವಿಹಾಕುತ್ತಾನೆ.

ಮೊದಲು ಪಾಪ ಎಂದರೆ ಏನು ಎಂಬುದನ್ನು ನೋಡಿಬಿಡೋಣ. ವಿಗ್ರಹಾರಾಧನೆಯ ವಿರುದ್ಧ ಇವರೆಲ್ಲ ಕಿಡಿಕಾರಿದ್ದು ನಿಜ. ಅದರ ಜೊತೆಗೇ, ಅಷ್ಟೇ ಜೋರಾಗಿ, ಬಡವರ ಕಥೆಯೂ ಬರುತ್ತದೆ. ಕ್ರಿ.ಪೂ. 8ನೇ ಶತಮಾನದ ಆಮೋಸ ತೆಕೋವ ಎಂಬ ಊರಿನವ, ಕುರಿ ಸಾಕುವವ. ಉತ್ತರದ ಇಸ್ರಾಯೇಲಿಗೆ ಹೋಗಿ ಅವನು ಕೂಗಿದ ಪಟ್ಟಿಯಲ್ಲಿ ಇದೊಂದಿದೆ: ಬಡವರಿಂದ ಅಡವಿಟ್ಟುಕೊಂಡ ಬಟ್ಟೆಯನ್ನು ಹಾಸಿಕೊಂಡು ನೀವು ಬಲಿಪೀಠದ ಪಕ್ಕದಲ್ಲಿ ಒರಗುತ್ತೀರಿ. ಸಿಟ್ಟು ಯಾಕೆ ಇಷ್ಟು ಎಂದರೆ, ಕಾನೂನು ಸ್ಪಷ್ಟವಾಗಿತ್ತು. ಬಡವನ ಹೊದಿಕೆ ಅಡವಿಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ವಾಪಸ್ ಕೊಡಬೇಕು. ಅವನಿಗಿರುವುದು ಅದೊಂದೇ, ರಾತ್ರಿ ಇನ್ನೇನು ಹೊದ್ದು ಮಲಗಿಯಾನು ಎಂದು ಆ ಕಾನೂನಿರುವ ಬೈಬಲಿನ ಪುಸ್ತಕ ವಿಮೋಚನಕಾಂಡವೇ ಕೇಳುತ್ತದೆ.

ಇದು ಸುಮ್ನೆ ಭಾಷಣಕ್ಕೆ ಹೇಳಿದ ಮಾತಲ್ಲ. 1960ರಲ್ಲಿ ಇಸ್ರೇಲಿನ ಕರಾವಳಿಯ ಒಂದು ಹಳೆ ಕೋಟೆಯ ಅಗೆತದಲ್ಲಿ ಬರಹವಿರುವ ಮಡಕೆ ಚೂರೊಂದು ಸಿಕ್ಕಿತು. ಯೆರೆಮೀಯನ ಕಾಲದ್ದು, ಅಂದರೆ ಕ್ರಿ.ಪೂ. 7ನೇ ಶತಮಾನದ ಕೊನೆಯದು. ಕೊಯ್ಲಿನ ಆಳೊಬ್ಬ ಅಲ್ಲಿನ ಅಧಿಕಾರಿಗೆ ಬರೆಸಿದ ದೂರು ಅದು. ನನ್ನ ಪಾಲಿನ ಕೊಯ್ಲು ಮುಗಿಸಿದ್ದೇನೆ, ಆದರೂ ನನ್ನ ಬಟ್ಟೆ ಕಿತ್ತುಕೊಂಡಿದ್ದಾರೆ, ಜೊತೆಗೆ ಕೊಯ್ದವರು ಸಾಕ್ಷಿ ಹೇಳುತ್ತಾರೆ, ದಯವಿಟ್ಟು ವಾಪಸ್ ಕೊಡಿಸಿ. ಅಷ್ಟೇ. ಅವನಿಗೆ ಬಟ್ಟೆ ಸಿಕ್ಕಿತೋ ಇಲ್ಲವೋ ಚೂರು ಹೇಳುವುದಿಲ್ಲ. ಪ್ರವಾದಿಗಳು ಪಾಪ ಎಂದಾಗ ಅವರ ಕಣ್ಣ ಮುಂದಿದ್ದದ್ದು ಇಂಥ ಮನುಷ್ಯ.

ಇನ್ನು ನಾಚಿಕೆಗೆ ಬರೋಣ. ಯೆರೆಮೀಯನ ಪುಸ್ತಕದಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಎರಡು ಸಲ ಬರುತ್ತದೆ, 6ನೇ ಅಧ್ಯಾಯದಲ್ಲಿ ಒಮ್ಮೆ, 8ರಲ್ಲಿ ಇನ್ನೊಮ್ಮೆ. ಅಸಹ್ಯ ಕೆಲಸ ಮಾಡಿದಾಗ ಅವರಿಗೆ ನಾಚಿಕೆಯಾಯಿತೇ? ಇಲ್ಲ, ಒಂದಿಷ್ಟೂ ಆಗಲಿಲ್ಲ. ನಾಚುವುದು ಹೇಗೆಂದೇ ಅವರಿಗೆ ಗೊತ್ತಿಲ್ಲ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎಂದು ನಮ್ಮಲ್ಲಿ ಹೇಳುತ್ತಾರಲ್ವಾ, ಹಾಗೆಯೇ. ಇಲ್ಲಿ ಆ ದೊಡ್ಡವರು ಯಾರು ಎಂಬುದೂ ಮುಖ್ಯ. ಹಿಂದಿನ ಸಾಲುಗಳಲ್ಲೇ ಉತ್ತರವಿದೆ. ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರೂ ಲಾಭಕೋರರು, ಪ್ರವಾದಿಗಳು ಮತ್ತು ಯಾಜಕರು ಸೇರಿ ಎಲ್ಲರೂ ಮೋಸಗಾರರು. ಜನರ ಗಾಯಕ್ಕೆ ಮೇಲೆಮೇಲೆ ಮದ್ದು ಸವರಿ "ಎಲ್ಲ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ" ಎನ್ನುವವರು. ಯಾವುದೂ ಚೆನ್ನಾಗಿಲ್ಲ ಎಂದು ಗೊತ್ತಿದ್ದೂ ಹಾಗೆನ್ನುವವರು. ಯೆರೆಮೀಯನಿಗೆ ಕಳ್ಳತನ, ಸುಳ್ಳು, ಮೋಸಕ್ಕಿಂತ ಜಾಸ್ತಿ ಭಯ ಹುಟ್ಟಿಸಿದ್ದು ಇದು. ತಪ್ಪು ಮಾಡಿದವನು ತಿದ್ದಿಕೊಳ್ಳಬಹುದು. ನಾಚಿಕೆಯೇ ಸತ್ತುಹೋದವನಲ್ಲಿ ತಿದ್ದಲು ಹಿಡಿಯುವುದೆಲ್ಲಿ?

ನಾಚಿಕೆ ಇದ್ದರೆ ಸಾಕು ಎಂದೂ ಅವನು ಹೇಳುವುದಿಲ್ಲ. ಸಿಕ್ಕಿಬಿದ್ದ ಕಳ್ಳನಿಗೆ ನಾಚಿಕೆಯಾಗುವ ಹಾಗೆ ಇಸ್ರಾಯೇಲಿಗೆ ನಾಚಿಕೆಯಾಯಿತು ಎಂದು 2ನೇ ಅಧ್ಯಾಯದಲ್ಲಿ ಚುಚ್ಚುತ್ತಾನೆ. ಕದ್ದಾಗ ಇಲ್ಲದ್ದು ಸಿಕ್ಕಿಬಿದ್ದಾಗ ಬಂತು. ಇದು ಬೇರೆ ಜಾತಿಯ ನಾಚಿಕೆ.

ಈ ಎರಡು ಜಾತಿಯ ನಾಚಿಕೆಗಳನ್ನು ಅಕ್ಕಪಕ್ಕ ನೋಡಬೇಕಾದರೆ ಇಬ್ಬರು ರಾಜರ ಕಥೆಗೆ ಹೋಗಬೇಕು. ಸಮುವೇಲನ ಪುಸ್ತಕಗಳನ್ನು ಯೆಹೂದ್ಯರು ಇತಿಹಾಸ ಎಂದಲ್ಲ, ಪ್ರವಾದಿಗಳ ಪುಸ್ತಕಗಳ ಸಾಲಿನಲ್ಲೇ ಇಡುತ್ತಾರೆ. ಮೊದಲ ರಾಜ ಸೌಲ. ಅಮಾಲೇಕ್ಯರ ಮೇಲೆ ಯುದ್ಧ ಮಾಡಿ ಏನನ್ನೂ ಉಳಿಸಬೇಡ, ಕೊಳ್ಳೆ ಹೊಡೆಯಬೇಡ ಎಂದು ಅವನಿಗೆ ಆಜ್ಞೆಯಾಗಿತ್ತು. (ಆ ಆಜ್ಞೆಯೇ ಇವತ್ತಿನ ಓದುಗರಿಗೆ ಗಂಟಲಲ್ಲಿ ಇಳಿಯುವುದಿಲ್ಲ, ಅದು ಬೇರೆಯದೇ ಚರ್ಚೆ.) ಸೌಲ ಒಳ್ಳೊಳ್ಳೆ ಕುರಿ ದನಗಳನ್ನು ಉಳಿಸಿಕೊಂಡ. ಪ್ರವಾದಿ ಸಮುವೇಲ ಬಂದಾಗ "ಹೇಳಿದ್ದನ್ನೆಲ್ಲ ಮಾಡಿದೆ" ಎಂದ. "ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಸದ್ದು ಏನು?" ಎಂದು ಸಮುವೇಲ ಕೇಳಿದ. ಸೌಲ ಮೊದಲು ಜನರ ಮೇಲೆ ಹಾಕಿದ, ದೇವರಿಗೆ ಬಲಿ ಕೊಡಲು ಅವರು ತಂದದ್ದು ಎಂದ. ಕೊನೆಗೆ ದಾರಿ ಮುಚ್ಚಿದಾಗ "ಪಾಪ ಮಾಡಿದ್ದೇನೆ" ಎಂದು ಒಪ್ಪಿಕೊಂಡ. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಬಂತು: ಆದರೂ ನನ್ನ ಜನರ ಹಿರಿಯರ ಮುಂದೆ ನನ್ನ ಮಾನ ಉಳಿಸು, ನನ್ನ ಜೊತೆ ಬಾ. ತಪ್ಪಾಯಿತು ಎಂಬುದಕ್ಕಿಂತ ನಾಲ್ಕು ಜನರ ಮುಂದೆ ಮುಖ ಹೋಗುತ್ತದಲ್ಲ ಎಂಬುದೇ ಅವನಿಗೆ ದೊಡ್ಡ ಚಿಂತೆ.

ಅವನ ನಂತರ ಬಂದ ದಾವೀದನ ತಪ್ಪು ಎಷ್ಟೋ ಪಾಲು ದೊಡ್ಡದು. ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ. ಅವಳು ಬಸುರಿಯಾದಳು. ವಿಷಯ ಮುಚ್ಚಿಹಾಕಲು ಊರೀಯನನ್ನು ಯುದ್ಧದ ಮುಂಚೂಣಿಗೆ ತಳ್ಳಿಸಿ ಕೊಲ್ಲಿಸಿದ. ರಾಜನಿಗೆ ಬುದ್ಧಿ ಹೇಳುವವರು ಯಾರು? ಪ್ರವಾದಿ ನಾತಾನ ಬಂದ. ಬಂದವನು ಬೈಯಲಿಲ್ಲ, ಒಂದು ಫಿರ್ಯಾದು ಹೇಳಿದ. ಒಂದು ಊರಲ್ಲಿ ಒಬ್ಬ ಸಾಹುಕಾರ, ಒಬ್ಬ ಬಡವ. ಸಾಹುಕಾರನಿಗೆ ಲೆಕ್ಕವಿಲ್ಲದಷ್ಟು ಕುರಿ ದನ. ಬಡವನಿಗೆ ದುಡ್ಡು ಕೊಟ್ಟು ತಂದು ಸಾಕಿದ ಒಂದೇ ಹೆಣ್ಣು ಕುರಿಮರಿ. ಅದು ಅವನ ತುತ್ತಲ್ಲೇ ತಿನ್ನುತ್ತಿತ್ತು, ಅವನ ಬಟ್ಟಲಲ್ಲೇ ಕುಡಿಯುತ್ತಿತ್ತು, ಮಗಳ ಹಾಗೆ ಮಡಿಲಲ್ಲಿ ಮಲಗುತ್ತಿತ್ತು. ಸಾಹುಕಾರನ ಮನೆಗೆ ನೆಂಟ ಬಂದ. ತನ್ನ ಹಿಂಡಿಗೆ ಕೈ ಹಾಕಲು ಮನಸ್ಸಾಗದೆ ಸಾಹುಕಾರ ಬಡವನ ಮರಿಯನ್ನೇ ಎಳೆದು ತಂದು ಅಡುಗೆ ಮಾಡಿಸಿದ. ಕೇಳಿದ ದಾವೀದನಿಗೆ ಮೈಯೆಲ್ಲ ಉರಿದುಹೋಯಿತು. ಅಂಥವನು ಸಾಯಬೇಕು, ಒಂದಕ್ಕೆ ನಾಲ್ಕು ತೆತ್ತುಕೊಡಬೇಕು ಎಂದು ತೀರ್ಪು ಕೊಟ್ಟೇಬಿಟ್ಟ. ಆಗ ನಾತಾನ ಹೇಳಿದ್ದು ಇಷ್ಟೇ: ಆ ಮನುಷ್ಯ ನೀನೇ.

ದಾವೀದನ ಉತ್ತರ ಹೀಬ್ರೂವಿನಲ್ಲಿ ಎರಡೇ ಪದ. ಯೆಹೋವನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ. ಜನರ ಮೇಲೆ ಹಾಕಲಿಲ್ಲ, ಆದರೆ ಎನ್ನಲಿಲ್ಲ, ಮಾನ ಉಳಿಸು ಎನ್ನಲಿಲ್ಲ. ನಾತಾನನ ಜಾಣತನ ಎಲ್ಲಿದೆ ನೋಡಿ. ನೇರವಾಗಿ ಆರೋಪಿಸಿದ್ದರೆ ದಾವೀದ ವಕೀಲನಾಗುತ್ತಿದ್ದ, ತನ್ನ ಪರ ವಾದಿಸುತ್ತಿದ್ದ. ಅವನನ್ನು ಮೊದಲು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿದ್ದರಿಂದ ತನ್ನ ಬಾಯಿಂದಲೇ ತನ್ನ ತೀರ್ಪು ಬಂತು. ಹೊರಗಿನವರು ಹೇರಿದ ಅವಮಾನ ಬೇರೆ, ತಾನೇ ತನ್ನನ್ನು ಕಂಡು ನಾಚುವುದು ಬೇರೆ. ಪ್ರವಾದಿಗಳಿಗೆ ಬೇಕಾಗಿದ್ದದ್ದು ಎರಡನೆಯದು. ಕ್ಷಮೆಯೂ ಅಲ್ಲೇ ಸಿಕ್ಕಿತು, ಆದರೆ ಪರಿಣಾಮ ತಪ್ಪಲಿಲ್ಲ. ಹುಟ್ಟಿದ ಮಗು ಸತ್ತಿತು, ದಾವೀದನ ಮನೆಯಿಂದ ಕತ್ತಿ ದೂರವಾಗಲಿಲ್ಲ. ಏನೂ ತಪ್ಪು ಮಾಡದ ಮಗು ಯಾಕೆ ಸಾಯಬೇಕಿತ್ತು ಎಂಬ ಪ್ರಶ್ನೆಗೆ ಆ ಅಧ್ಯಾಯದಲ್ಲಿ ಸಮಾಧಾನವಾಗುವಂಥ ಉತ್ತರ ನನಗಂತೂ ಕಂಡಿಲ್ಲ.

ಸರಿ, ಪಶ್ಚಾತ್ತಾಪ ಬಂತು ಎಂದಿಟ್ಟುಕೊಳ್ಳೋಣ. ಅದು ನಿಜವೋ ನಾಟಕವೋ ತಿಳಿಯುವುದು ಹೇಗೆ? ಇಲ್ಲಿ ಪ್ರವಾದಿಗಳು ಭಾರಿ ಅನುಮಾನದ ಗಿರಾಕಿಗಳು. ಹೋಶೇಯನ ಪುಸ್ತಕದಲ್ಲಿ ಜನ ಚೆಂದವಾದ ಮಾತಾಡುತ್ತಾರೆ: ಬನ್ನಿ, ಯೆಹೋವನ ಕಡೆಗೆ ತಿರುಗೋಣ, ಹೊಡೆದವನೇ ಗಾಯ ಕಟ್ಟುತ್ತಾನೆ, ಮಳೆ ಬರುವ ಹಾಗೆ ಬರುತ್ತಾನೆ. ದೇವರ ಉತ್ತರ? ನಿಮ್ಮ ಪ್ರೀತಿ ಬೆಳಗಿನ ಮಂಜು, ಹೊತ್ತು ಏರುವ ಮುಂಚೆ ಮಾಯ. ಯೆಶಾಯನ 58ನೇ ಅಧ್ಯಾಯದಲ್ಲಿ ಜನರೇ ದೂರುತ್ತಾರೆ, ಇಷ್ಟು ಉಪವಾಸ ಮಾಡಿದರೂ ನೀನು ನೋಡಲಿಲ್ಲವಲ್ಲ ಎಂದು. ಉಪವಾಸದ ದಿನವೇ ಆಳುಗಳನ್ನು ದುಡಿಸಿ ಹಿಂಡುತ್ತೀರಲ್ಲ ಎಂಬುದು ಅವರಿಗೆ ಸಿಕ್ಕ ಉತ್ತರ. ಜೊಂಡಿನ ಹಾಗೆ ತಲೆ ಬಗ್ಗಿಸಿ, ಗೋಣಿತಟ್ಟು ಹಾಸಿ, ಬೂದಿಯಲ್ಲಿ ಕೂತರೆ ಅದು ಉಪವಾಸವೇ? ಹಸಿದವನಿಗೆ ನಿನ್ನ ರೊಟ್ಟಿ ಮುರಿದು ಕೊಡು, ಮನೆಯಿಲ್ಲದವನನ್ನು ಒಳಗೆ ಕರೆದುಕೋ, ಬಟ್ಟೆಯಿಲ್ಲದವನಿಗೆ ಹೊದಿಸು. ಯೆಹೂದ್ಯರು ವರ್ಷದ ಅತಿ ದೊಡ್ಡ ಉಪವಾಸವಾದ ಯೋಮ್ ಕಿಪ್ಪೂರಿನ ಬೆಳಗ್ಗೆ ಓದುವುದು ಇದೇ ಭಾಗವನ್ನು. ಹೊಟ್ಟೆ ಹಸಿದು ಕೂತವರ ಕಿವಿಗೆ "ಈ ಹಸಿವಿನಿಂದ ಏನು ಬಂತು?" ಎಂಬ ಪ್ರಶ್ನೆ. ಈ ಭಾಗವನ್ನು ಆ ದಿನಕ್ಕೇ ಇಟ್ಟವರ ಧೈರ್ಯ ಮೆಚ್ಚಬೇಕು.

ನಾಟಕದ ಪಶ್ಚಾತ್ತಾಪಕ್ಕೆ ಇಡೀ ಬೈಬಲಿನಲ್ಲಿ ಯೆರೆಮೀಯ 34ಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ ಎನ್ನಬಹುದು. ಕ್ರಿ.ಪೂ. 588ರ ಸುಮಾರು. ಬಾಬಿಲೋನಿನ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಊರೊಳಗೆ ಶ್ರೀಮಂತರ ಮನೆಗಳಲ್ಲಿ ಸಾಲ ತೀರಿಸಲಾಗದೆ ದಾಸರಾದ ಸ್ವಂತ ಜನರೇ ಇದ್ದಾರೆ. ಆರು ವರ್ಷ ದುಡಿದವರನ್ನು ಏಳನೇ ವರ್ಷ ಬಿಟ್ಟುಬಿಡಬೇಕು ಎಂದು ಕಾನೂನು. ಯಾರೂ ಪಾಲಿಸಿರಲಿಲ್ಲ. ಈಗ ಶತ್ರು ಬಾಗಿಲಿಗೆ ಬಂದಾಗ ರಾಜ ಚಿದ್ಕೀಯ ಎಲ್ಲರನ್ನೂ ಸೇರಿಸಿ ಒಪ್ಪಂದ ಮಾಡಿಸಿದ. ಕರುವೊಂದನ್ನು ಎರಡು ಹೋಳು ಮಾಡಿ ಅಧಿಕಾರಿಗಳು, ಯಾಜಕರು, ಜನರೆಲ್ಲ ಆ ಹೋಳುಗಳ ನಡುವೆ ನಡೆದುಹೋದರು. ಮಾತು ಮುರಿದರೆ ನಮಗೂ ಈ ಕರುವಿನ ಗತಿಯಾಗಲಿ ಎಂಬ ಆಣೆ ಅದು. ದಾಸ ದಾಸಿಯರನ್ನು ಬಿಟ್ಟರು. ಸಂಕಟ ಬಂದಾಗ ವೆಂಕಟರಮಣ! ಊರಲ್ಲಿ ದವಸ ಕಮ್ಮಿಯಾದಾಗ ಉಣ್ಣುವ ಬಾಯಿಗಳೂ ಕಮ್ಮಿಯಾಗಲಿ ಎಂಬ ಲೆಕ್ಕಾಚಾರವೂ ಇತ್ತೇನೋ ಎಂದು ಊಹಿಸುವ ಇತಿಹಾಸಕಾರರಿದ್ದಾರೆ.

ಅಷ್ಟರಲ್ಲಿ ಈಜಿಪ್ಟಿನ ಸೈನ್ಯ ಹೊರಟ ಸುದ್ದಿ ಬಂತು. ಬಾಬಿಲೋನಿನವರು ಮುತ್ತಿಗೆ ಸಡಿಲಿಸಿ ಆ ಕಡೆ ಹೋದರು. ಊರು ಉಸಿರು ಬಿಟ್ಟಿತು. ಉಸಿರು ಬಿಟ್ಟ ಜನ ಮಾಡಿದ ಕೆಲಸ ಏನು ಗೊತ್ತಾ? ಬಿಟ್ಟ ದಾಸರನ್ನು ಹಿಡಿದು ಮತ್ತೆ ದುಡಿಮೆಗೆ ಎಳೆದುಕೊಂಡರು. ಯೆರೆಮೀಯ ಹೇಳುತ್ತಾನೆ: ನೀವು ತಿರುಗಿದಿರಿ, ಸರಿಯಾದದ್ದನ್ನು ಮಾಡಿದಿರಿ. ಆಮೇಲೆ ಮತ್ತೆ ತಿರುಗಿದಿರಿ. ಅಣ್ಣತಮ್ಮಂದಿರಿಗೆ ಬಿಡುಗಡೆ ಕೊಡದ ನಿಮಗೆ ನಾನು ಬಿಡುಗಡೆ ಸಾರುತ್ತೇನೆ, ಕತ್ತಿಗೆ, ರೋಗಕ್ಕೆ, ಬರಕ್ಕೆ ಬಿಡುಗಡೆ. ಬಾಬಿಲೋನಿನವರು ವಾಪಸ್ ಬಂದರು. ಒಂದೆರಡು ವರ್ಷದಲ್ಲಿ ಊರೂ ದೇವಾಲಯವೂ ಸುಟ್ಟುಹೋದವು. ಇಲ್ಲಿ ಗಮನಿಸಬೇಕಾದ್ದು, ಮೊದಲ ಬಿಡುಗಡೆಯನ್ನು ಯೆರೆಮೀಯ ನಾಟಕ ಎಂದು ತಳ್ಳಿಹಾಕುವುದಿಲ್ಲ. ಅದು ಸರಿಯಾದ ಕೆಲಸವೇ ಎನ್ನುತ್ತಾನೆ. ಭಯದಿಂದ ಮಾಡಿದರೂ ದಾಸಿಯೊಬ್ಬಳು ಮನೆಗೆ ಹೋದಳಲ್ಲ, ಅಷ್ಟು ಒಳ್ಳೆಯದು. ಮನಸ್ಸಿನೊಳಗೆ ಏನಿತ್ತು ಎಂದು ಕೆದಕುವುದಕ್ಕಿಂತ ಅವಳು ಈಗ ಎಲ್ಲಿದ್ದಾಳೆ ಎಂದು ಕೇಳುವುದು ಅವನ ರೀತಿ.

ಯೋನನ ಚಿಕ್ಕ ಪುಸ್ತಕದಲ್ಲೂ ಇದೇ ಅಳತೆ. ಅಶ್ಶೂರದ ನಿನೆವೆ, ಇಸ್ರಾಯೇಲ್ಯರ ಕಡುವೈರಿಗಳ ಊರು. ಅಲ್ಲಿ ಯೋನ ಒಂದು ಸಾಲು ಕೂಗುತ್ತಾನೆ, ಇನ್ನು 40 ದಿನದಲ್ಲಿ ನಿನೆವೆ ಮಗುಚಿಬೀಳುತ್ತದೆ. ಅಷ್ಟಕ್ಕೇ ರಾಜ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂರುತ್ತಾನೆ. ದನಕರುಗಳಿಗೂ ಉಪವಾಸ, ದನಕರುಗಳಿಗೂ ಗೋಣಿತಟ್ಟು! ನಗು ಬರಲಿ ಎಂದೇ ಬರೆದ ಹಾಗಿದೆ. ಸ್ವಂತ ರಾಜ ಸುರುಳಿ ಸುಡುತ್ತಾನೆ, ಪರದೇಶದ ಎಮ್ಮೆ ಎತ್ತುಗಳು ಪಶ್ಚಾತ್ತಾಪ ಪಡುತ್ತವೆ. ಆದರೆ ದೇವರು ಮನಸ್ಸು ಬದಲಿಸಿದ್ದು ಯಾವುದನ್ನು ನೋಡಿ? ಉಪವಾಸದ ದಿನ ಜನರಿಗೆ ಹಿರಿಯರು ಹೇಳಬೇಕಾದ ಮಾತನ್ನು ಯೆಹೂದ್ಯರ ಮಿಷ್ನಾ ಗ್ರಂಥ ಬರೆದಿಟ್ಟಿದೆ: ನಿನೆವೆಯವರ ಗೋಣಿತಟ್ಟನ್ನು, ಉಪವಾಸವನ್ನು ದೇವರು ನೋಡಿದ ಎಂದು ಅಲ್ಲಿಲ್ಲ. ಅವರ ಕೆಲಸಗಳನ್ನು ನೋಡಿದ ಎಂದಿದೆ.

ಇಲ್ಲಿಯವರೆಗೆ ಮನುಷ್ಯ ತಿರುಗಬಲ್ಲ ಎಂಬ ನಂಬಿಕೆ ಇದೆ. ಹೇಳಿದರೆ ಕೇಳುತ್ತಾನೆ, ನಾಚುತ್ತಾನೆ, ತಿರುಗುತ್ತಾನೆ. ಕೇಳದೇ ಇದ್ದರೆ? ಯೆರೆಮೀಯನಿಗೇ ಆ ನಂಬಿಕೆ ಆಗಾಗ ಕುಸಿಯುತ್ತದೆ. ಚಿರತೆ ತನ್ನ ಚುಕ್ಕಿ ಅಳಿಸಿಕೊಂಡೀತೇ, ಕೆಟ್ಟದ್ದನ್ನೇ ರೂಢಿ ಮಾಡಿಕೊಂಡ ನೀವು ಒಳ್ಳೆಯದು ಮಾಡೀರೇ ಎಂದು ಕೇಳುತ್ತಾನೆ. ಈ ಕುಸಿತದ ತಳದಲ್ಲಿ ನಿಂತು ಯೋಚಿಸಿದವನು ಯೆಹೆಜ್ಕೇಲ.

ಅವನು ಯಾಜಕರ ಮನೆತನದವ. ಕ್ರಿ.ಪೂ. 597ರಲ್ಲಿ ಮೊದಲ ತಂಡದ ಸೆರೆಯಾಳುಗಳ ಜೊತೆ ಬಾಬಿಲೋನಿಗೆ ಸಾಗಿಸಲ್ಪಟ್ಟ. ಕೆಬಾರ್ ಕಾಲುವೆಯ ದಡದ ತೇಲ್ ಅಬೀಬ್ ಎಂಬಲ್ಲಿ ಗಡಿಪಾರಾದವರ ನಡುವೆ ಬದುಕಿದ. ಗಡಿಪಾರಿನ ಹನ್ನೆರಡನೇ ವರ್ಷ ಯೆರೂಸಲೇಮ್ ಬಿದ್ದ ಸುದ್ದಿ ಅಲ್ಲಿಗೆ ಬಂತು. ಅಲ್ಲಿದ್ದವರ ಬಾಯಲ್ಲಿ ಎರಡು ಮಾತು. ಒಂದು ಗಾದೆ: ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು. ಅಂದರೆ ತಪ್ಪು ಹಿಂದಿನವರದು, ನಾವೇನು ಮಾಡೋಣ. ಇನ್ನೊಂದು ಅದರ ತಿರುಗುಮುರುಗು: ನಮ್ಮ ಪಾಪ ನಮ್ಮ ಮೇಲಿದೆ, ಅದರಲ್ಲೇ ಕೊಳೆಯುತ್ತಿದ್ದೇವೆ, ಇನ್ನು ಬದುಕುವುದೆಲ್ಲಿ. ಮೊದಲನೆಯವರಿಗೆ ನಾಚಿಕೆ ಕಮ್ಮಿ, ಎರಡನೆಯವರಿಗೆ ವಿಪರೀತ. ಇಬ್ಬರೂ ಕದಲುವುದಿಲ್ಲ. 18 ಮತ್ತು 33ನೇ ಅಧ್ಯಾಯಗಳಲ್ಲಿ ಯೆಹೆಜ್ಕೇಲ ಇಬ್ಬರಿಗೂ ಉತ್ತರಿಸುತ್ತಾನೆ. ಆ ಗಾದೆ ಇನ್ನು ಬೇಡ, ಅವರವರ ಪಾಪಕ್ಕೆ ಅವರವರೇ. ಕೆಟ್ಟವನು ಸಾಯುವುದರಲ್ಲಿ ನನಗೇನು ಸಂತೋಷ, ತಿರುಗಿ ಬದುಕಲಿ ಎಂಬುದಲ್ಲವೇ ನನ್ನ ಆಸೆ ಎಂದು ದೇವರು ಕೇಳುತ್ತಾನೆ. ಹೊಸ ಹೃದಯ ಮಾಡಿಕೊಳ್ಳಿ ಎನ್ನುತ್ತಾನೆ.

36ನೇ ಅಧ್ಯಾಯಕ್ಕೆ ಬರುವಾಗ ಮಾತು ಬದಲಾಗಿದೆ. ಹೊಸ ಹೃದಯ ಮಾಡಿಕೊಳ್ಳಿ ಎಂದಲ್ಲ, ನಾನೇ ಕೊಡುತ್ತೇನೆ. ಇಲ್ಲಿ ಒಂದೊಂದೇ ಹೆಜ್ಜೆ ನೋಡಬೇಕು. ಮೊದಲು, ನಿಮ್ಮನ್ನು ದೇಶದೇಶಗಳಿಂದ ಒಟ್ಟುಗೂಡಿಸಿ ನಿಮ್ಮ ನಾಡಿಗೆ ತರುತ್ತೇನೆ. ಆಮೇಲೆ, ಶುದ್ಧ ನೀರು ಚಿಮುಕಿಸಿ ತೊಳೆಯುತ್ತೇನೆ. ಆಮೇಲೆ, ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಇಡುತ್ತೇನೆ. ಆಮೇಲೆ, ದವಸ ಬೆಳೆಸುತ್ತೇನೆ, ಮರಗಳಲ್ಲಿ ಹಣ್ಣು ಜಾಸ್ತಿ ಮಾಡುತ್ತೇನೆ, ಬರ ಇರುವುದಿಲ್ಲ. ಇಷ್ಟೆಲ್ಲ ಆದ ಮೇಲೆ, "ಆಗ" ನಿಮ್ಮ ಕೆಟ್ಟ ನಡತೆ ನಿಮಗೆ ನೆನಪಾಗುತ್ತದೆ, ನಿಮ್ಮನ್ನು ಕಂಡರೆ ನಿಮಗೇ ಅಸಹ್ಯವಾಗುತ್ತದೆ. ನಾಚಿಕೆ ಬರುವುದು ಕಟ್ಟಕಡೆಗೆ. ಹೊಟ್ಟೆ ತುಂಬಿದ ಮೇಲೆ, ಮನೆ ಸೇರಿದ ಮೇಲೆ, ಎಲ್ಲ ಸರಿಹೋದ ಮೇಲೆ! 16ನೇ ಅಧ್ಯಾಯದ ಕೊನೆಯಲ್ಲೂ ಹಾಗೆಯೇ. ನೀನು ಮಾಡಿದ್ದೆಲ್ಲವನ್ನೂ ನಾನು ಕ್ಷಮಿಸಿದಾಗ, ನೀನು ನೆನಪಿಸಿಕೊಂಡು ನಾಚುವೆ.

ವಿಚಿತ್ರ ಎನಿಸುತ್ತದೆ. ಆದರೆ ಯೆಹೆಜ್ಕೇಲನ ತರ್ಕ ಗಟ್ಟಿ. ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ರಕ್ತ ಓಡಲು ಶುರುವಾದ ಮೇಲೇ ಜುಮುಜುಮು ನೋವು. ಕಲ್ಲಿನ ಹೃದಯಕ್ಕೆ ನಾಚಿಕೆಯಾಗು ಎಂದು ಎಷ್ಟು ಕೂಗಿದರೂ ವ್ಯರ್ಥ. ಯೆರೆಮೀಯ 20 ವರ್ಷ ಕೂಗಿದ್ದಾಯಿತಲ್ಲ. ಹಾಗಾಗಿ ಯೆಹೆಜ್ಕೇಲನಲ್ಲಿ ನಾಚಿಕೆ ಕ್ಷಮೆಗೆ ತೆರುವ ಬೆಲೆಯಲ್ಲ, ವಾಸಿಯಾದ ಗುರುತು. ಇನ್ನೊಂದು ಕಾರಣವೂ ಇದೆ, ಅದು ಅಷ್ಟು ಮೃದುವಲ್ಲ. "ಇದನ್ನು ನಿಮಗೋಸ್ಕರ ಮಾಡುತ್ತಿಲ್ಲ" ಎಂದು ದೇವರು ಖಡಾಖಂಡಿತವಾಗಿ ಹೇಳುತ್ತಾನೆ. ನೀವು ಗಡಿಪಾರಾದದ್ದನ್ನು ನೋಡಿ ಬೇರೆ ಜನ ನನ್ನ ಹೆಸರನ್ನು ಆಡಿಕೊಳ್ಳುತ್ತಿದ್ದಾರೆ, ಆ ಹೆಸರಿಗೋಸ್ಕರ. ನಮ್ಮ ಒಳ್ಳೆಯತನ ನೋಡಿ ವಾಪಸ್ ಕರೆತಂದ ಎಂದು ಮುಂದೆ ಯಾರೂ ಜಂಬ ಕೊಚ್ಚಬಾರದು.

ಇದರ ತುದಿ ಕಾಣುವುದು 43ನೇ ಅಧ್ಯಾಯದಲ್ಲಿ. ಗಡಿಪಾರಿನ 25ನೇ ವರ್ಷ, ಕ್ರಿ.ಪೂ. 573ರಲ್ಲಿ, ಯೆಹೆಜ್ಕೇಲನಿಗೆ ಹೊಸ ದೇವಾಲಯದ ದರ್ಶನವಾಗುತ್ತದೆ. ಅಳತೆ ಕೋಲು ಹಿಡಿದ ಒಬ್ಬ ಗೋಡೆ, ಬಾಗಿಲು, ಅಂಗಳ, ಕೋಣೆ ಎಲ್ಲವನ್ನೂ ಮೊಳ ಲೆಕ್ಕದಲ್ಲಿ ಅಳೆಯುತ್ತ ಹೋಗುತ್ತಾನೆ. ಓದುವವರು ಆಕಳಿಸುವಷ್ಟು ಅಳತೆ. ಕೊನೆಗೆ ದೇವರು ಹೇಳುತ್ತಾನೆ, ಈ ನಕ್ಷೆಯನ್ನು ಜನರಿಗೆ ವಿವರಿಸು, ಅವರು ತಮ್ಮ ಅಪರಾಧಕ್ಕೆ ನಾಚಲಿ. ಕಟ್ಟಡದ ನಕ್ಷೆ ನೋಡಿ ನಾಚುವುದೇ? ಸ್ವಲ್ಪ ಹಿಂದಿನ ಸಾಲುಗಳಲ್ಲಿ ಸುಳಿವಿದೆ. ಹಳೆಯ ಯೆರೂಸಲೇಮಿನಲ್ಲಿ ರಾಜರು ತಮ್ಮ ಹೊಸ್ತಿಲನ್ನು ದೇವರ ಹೊಸ್ತಿಲ ಪಕ್ಕದಲ್ಲೇ ಇಟ್ಟಿದ್ದರು, ನಡುವೆ ಒಂದು ಗೋಡೆ ಮಾತ್ರ. ಹೊಸ ನಕ್ಷೆಯಲ್ಲಿ ಅರಮನೆ ಹತ್ತಿರ ಸುಳಿಯುವ ಹಾಗಿಲ್ಲ, ಸುತ್ತ ಅಗಲವಾದ ಖಾಲಿ ಜಾಗ. ಹೇಗಿರಬೇಕಿತ್ತು ಎಂದು ಕಂಡಾಗಲೇ ಹೇಗಿತ್ತು ಎಂಬುದು ಚುಚ್ಚುತ್ತದೆ. ಬೈಗುಳವಿಲ್ಲದೆ, ಬರೀ ಅಳತೆಗಳಿಂದ ನಾಚಿಸುವುದು ಯಾಜಕನೊಬ್ಬನಿಗೆ ಮಾತ್ರ ಹೊಳೆಯಬಹುದಾದ ಉಪಾಯ.

ಯೆರೆಮೀಯನಲ್ಲೂ ಇಂಥದೇ ಒಂದು ತುಣುಕಿದೆ, 31ನೇ ಅಧ್ಯಾಯದಲ್ಲಿ. ಅಶ್ಶೂರದವರು ಕ್ರಿ.ಪೂ. 722ರ ಸುಮಾರಿಗೆ ಮುಗಿಸಿಹಾಕಿದ ಉತ್ತರದ ರಾಜ್ಯವನ್ನು ಎಫ್ರಾಯೀಮ್ ಎಂಬ ಮಗನಂತೆ ಮಾತಾಡಿಸುತ್ತಾನೆ. ಪಳಗದ ಕರುವಿನ ಹಾಗಿದ್ದೆ, ಪೆಟ್ಟು ತಿಂದೆ ಎನ್ನುತ್ತಾನೆ ಮಗ. ನಾನು ತಿರುಗಿದ ಮೇಲೆ ಪಶ್ಚಾತ್ತಾಪಪಟ್ಟೆ, ತಿಳಿದ ಮೇಲೆ ತೊಡೆ ಬಡಿದುಕೊಂಡೆ, ಹರೆಯದ ಅವಮಾನ ಹೊತ್ತು ನಾಚಿದೆ. ಅಪ್ಪನ ಉತ್ತರದಲ್ಲಿ ಬುದ್ಧಿಮಾತೇ ಇಲ್ಲ. ಇವನು ನನ್ನ ಮುದ್ದು ಮಗನಲ್ಲವೇ, ಇವನನ್ನು ಬೈದಾಗಲೆಲ್ಲ ಇನ್ನೂ ನೆನಪಾಗುತ್ತಾನೆ, ನನ್ನ ಕರುಳು ಮಿಡಿಯುತ್ತದೆ.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಯೆಹೆಜ್ಕೇಲನ 16ನೇ ಅಧ್ಯಾಯದ ಕೊನೆಯ ಕ್ಷಮೆಯನ್ನು ಮೇಲೆ ಹೇಳಿದೆ. ಆ ಕೊನೆಗೆ ಮುಟ್ಟುವ ಮೊದಲು ಅರವತ್ತರಷ್ಟು ವಾಕ್ಯ ದಾಟಬೇಕು. ಅಲ್ಲಿ ಯೆರೂಸಲೇಮ್ ಒಬ್ಬ ಹೆಂಗಸು. ಹೊಲದಲ್ಲಿ ಬಿಸಾಡಿದ್ದ ಕೂಸನ್ನು ದೇವರು ಎತ್ತಿ ಬೆಳೆಸಿ ಮದುವೆಯಾಗುತ್ತಾನೆ, ಅವಳು ದಾರಿ ತಪ್ಪುತ್ತಾಳೆ, ಅವಳನ್ನು ಎಲ್ಲರೆದುರು ಬೆತ್ತಲೆ ಮಾಡಿ ಕಲ್ಲು ಹೊಡೆಸುತ್ತಾನೆ. ಕೇಳುತ್ತ ಕೂತಿದ್ದ, ಯೆರೂಸಲೇಮಿನಿಂದ ಗಡಿಪಾರಾದ ಗಂಡಸರಿಗೆ "ಆ ಹೆಂಗಸು ನೀವೇ" ಎಂದು ಆಘಾತ ಕೊಡುವುದು ಉದ್ದೇಶವಿದ್ದೀತು. ನಾತಾನನೂ ಮಾಡಿದ್ದು ಅದನ್ನೇ. ಆದರೂ ಹೆಣ್ಣಿನ ಮೈಯನ್ನು ಬೀದಿಗೆ ಎಳೆದು ನಾಚಿಕೆ ಕಲಿಸುವ ಈ ರೂಪಕವನ್ನು ಇವತ್ತು ಸಹಿಸಿಕೊಳ್ಳುವುದು ಕಷ್ಟ. ನಾತಾನನ ಕಥೆಯಲ್ಲಿ ಅನ್ಯಾಯಕ್ಕೆ ಒಳಗಾದವರ ಪರ ಸಿಟ್ಟು ಬರುತ್ತದೆ. ಇಲ್ಲಿ ಆ ಹೆಂಗಸಿಗೆ ಮಾತೇ ಇಲ್ಲ. ಕ್ಷಮೆ ಸಿಕ್ಕ ಮೇಲೂ ಅವಳು ಬಾಯಿ ತೆರೆಯಬಾರದು ಎಂದೇ ಅಧ್ಯಾಯ ಮುಗಿಯುತ್ತದೆ.

ಕಸಿವಿಸಿ ಇವತ್ತಿನದಷ್ಟೇ ಅಲ್ಲ. ಈ ಅಧ್ಯಾಯವನ್ನು ಸಭಾಮಂದಿರದಲ್ಲಿ ಓದಲೇಬಾರದು ಎಂದು ಯೆಹೂದ್ಯರ ಧರ್ಮಗುರು ರಬ್ಬಿ ಎಲಿಯೆಜೆರ್ ಹೇಳಿದ್ದು ಮಿಷ್ನಾದಲ್ಲಿದೆ. ಅವರ ಎದುರೇ ಒಬ್ಬ ಇದನ್ನು ಓದಿದನಂತೆ. ಯೆರೂಸಲೇಮಿನ ಅಸಹ್ಯಗಳನ್ನು ಹುಡುಕುವ ಮೊದಲು ಹೋಗಿ ನಿನ್ನ ತಾಯಿಯದನ್ನು ಹುಡುಕು ಎಂದು ಅವರು ರೇಗಿದರು ಎನ್ನುತ್ತದೆ ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್. ಬೇರೆಯವರ ನಾಚಿಕೆಯನ್ನು ಸಲೀಸಾಗಿ ಓದಿಕೊಂಡು ಹೋಗುವವನ ಮೇಲೆ ಬಂದ ಸಿಟ್ಟು ಅದು.

ಯೆಹೆಜ್ಕೇಲನಿಗೆ ಎದುರು ಮಾತು ಬೈಬಲಿನ ಒಳಗೇ ಇದೆ. ಅವನಾದ ಮೇಲೆ ಒಂದು ತಲೆಮಾರು ಕಳೆದು, ಕ್ರಿ.ಪೂ. 540ರ ಆಸುಪಾಸು, ಅದೇ ಗಡಿಪಾರಿನ ಜನರ ನಡುವೆ ಇನ್ನೊಬ್ಬ ಪ್ರವಾದಿ ಮಾತಾಡಿದ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವನ ಹೆಸರು ಉಳಿದಿಲ್ಲ, ಮಾತುಗಳು ಯೆಶಾಯನ ಪುಸ್ತಕದ 40ನೇ ಅಧ್ಯಾಯದಿಂದ ಮುಂದಕ್ಕೆ ಸೇರಿಕೊಂಡಿವೆ. 54ನೇ ಅಧ್ಯಾಯದಲ್ಲಿ ಅವನ ಮುಂದೆಯೂ ಯೆರೂಸಲೇಮ್ ಒಬ್ಬ ಹೆಂಗಸೇ, ಗಂಡ ಬಿಟ್ಟವಳು, ಮಕ್ಕಳಿಲ್ಲದವಳು. ಅವಳಿಗೆ ಅವನು ಹೇಳುವುದು: ಹೆದರಬೇಡ, ನಿನಗೆ ಇನ್ನು ಅವಮಾನವಿಲ್ಲ, ನಿನ್ನ ಹರೆಯದ ನಾಚಿಕೆಯನ್ನು ಮರೆತುಬಿಡು. ಒಂದು ಗಳಿಗೆ ನಿನ್ನನ್ನು ಬಿಟ್ಟಿದ್ದೆ ಎಂದು ದೇವರೇ ಒಪ್ಪಿಕೊಳ್ಳುತ್ತಾನೆ.

ನೆನಪಿಟ್ಟುಕೊಂಡು ನಾಚು ಎಂದು ಒಬ್ಬ, ಮರೆತುಬಿಡು ಎಂದು ಇನ್ನೊಬ್ಬ. ಯೆಹೆಜ್ಕೇಲ ಮಾತಾಡಿದ್ದು ತನ್ನ ಕಾಲದಲ್ಲೇ ಊರು ಬಿದ್ದ ಸುದ್ದಿ ಕೇಳಿದ, ಅದಕ್ಕೆ ಕಾರಣರೂ ಆಗಿದ್ದ ತಲೆಮಾರಿಗೆ. ಎರಡನೆಯವನ ಎದುರಿಗಿದ್ದವರಲ್ಲಿ ಎಷ್ಟೋ ಜನ ಯೆರೂಸಲೇಮನ್ನು ನೋಡಿರಲೇ ಇಲ್ಲ, ಹುಟ್ಟಿದ್ದೇ ಅವಮಾನದೊಳಗೆ. ಬೈಬಲನ್ನು ಒಟ್ಟುಮಾಡಿದವರು ಎರಡನ್ನೂ ಇಟ್ಟುಕೊಂಡರು, ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಲು ಹೋಗಲಿಲ್ಲ. ಆದರೆ ದೇವಾಲಯ ಬಿದ್ದ ದಿನದ ಶೋಕ ಆಚರಿಸಿದ ಮೇಲೆ ಪ್ರತಿ ವರ್ಷ ಏಳು ವಾರ ಸಭಾಮಂದಿರಗಳಲ್ಲಿ ಸಾಂತ್ವನದ ಮಾತುಗಳನ್ನು ಓದುವ ಪದ್ಧತಿಯಿದೆ. ಆ ಏಳರಲ್ಲಿ ಯೆಹೆಜ್ಕೇಲನದು ಒಂದೂ ಇಲ್ಲ, ಏಳೂ ಯೆಶಾಯನ ಪುಸ್ತಕದವು. ಹರೆಯದ ನಾಚಿಕೆ ಮರೆತುಬಿಡು ಎಂಬ ಮಾತು ಬರುವುದು ಐದನೇ ವಾರ.